ಕಪಾಟಿನ ಬೆನ್ನಿಗಿದ್ದ ಹಸಿ ಗೋಡೆ

ಕೆಳಗಿನಿಂದ ಎರಡನೆಯ ಖಾನೆಯಲ್ಲಿಟ್ಟಿದ್ದ ಹಾಳೆಯ ಕಟ್ಟನ್ನು ಎತ್ತಿದಾಗ ಅದು ಒಣಗದ ಹಪ್ಪಳದಂತೆ ನನ್ನ ಎರಡು ಅಂಗೈಗಳ ಆಚೆ ಈಚೆ ಜೋತುಬಿತ್ತು. 2021ರ ಆಗಸ್ಟ್, ವರಮಹಾಲಕ್ಷ್ಮಿ ಹಬ್ಬದ ಮರುದಿನ. ಹಬ್ಬಕ್ಕೆಂದು ಕೋಣೆಯ ಮುಂಭಾಗವನ್ನೆಲ್ಲ ಒರೆಸಿ ಗುಡಿಸಿದ್ದೆ. ಕಪಾಟಿನ ಒಳಗೆ ಮಾತ್ರ ಕೈ ಹಾಕಿರಲಿಲ್ಲ. ಹಾಳೆಯ ಅಂಚಿನಲ್ಲಿ ಚಹಾದ ಕಲೆಯಂತಹ ಕಂದು ಗೆರೆ. ಮೂಗಿನ ಹತ್ತಿರ ತಂದರೆ ಹಳೆಯ ಗೋಣಿಚೀಲದ ವಾಸನೆ. ಅದರ ಕೆಳಗಿದ್ದ ಚಿನ್ನದ ರೇಕಿನ ಎರಡು ಪುಸ್ತಕಗಳಲ್ಲಿ ರೇಕು ಹಾಳೆಗೆ ಅಂಟಿಕೊಂಡು ಬಿಡಿಸಲು ಬಾರದಂತಾಗಿತ್ತು.

ನಾನು ಮೈಸೂರು ಶೈಲಿಯ ಚಿತ್ರಗಳನ್ನು ಬರೆಯುತ್ತೇನೆ. ಇಪ್ಪತ್ತಾರು ವರ್ಷಗಳಿಂದ ಇದೇ ಕೆಲಸ. ಮೈಸೂರಿನ ಚಾಮರಾಜಪುರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಕಾರ್ಯಾಗಾರ. ಶನಿವಾರ, ಭಾನುವಾರ ಮಕ್ಕಳಿಗೆ ಪಾಠ ಹೇಳುವುದೂ ಅಲ್ಲಿಯೇ. ಉತ್ತರದ ಗೋಡೆಗೆ ಹೊಂದಿಸಿ ಮಾಡಿಸಿದ ಕಪಾಟು 12 ಅಡಿ ಉದ್ದ, ಏಳೂವರೆ ಅಡಿ ಎತ್ತರ. ಕಾಗದ ಅಂಟಿಸಿ ಸಿದ್ಧಪಡಿಸಿದ ಹಲಗೆಗಳು, ಸಫೇದ ಎಂಬ ಬಿಳಿ ಪುಡಿಯ ಡಬ್ಬಗಳು, ಅಂಟು, ಹುಣಸೆಯ ಕಡ್ಡಿಗಳನ್ನು ಸುಟ್ಟು ಮಾಡಿದ ಇದ್ದಿಲು, ರೇಖಾಚಿತ್ರಗಳ ನೂರಾರು ನಕಲುಗಳು, ಎಲ್ಲವೂ ಅದರೊಳಗೆ. ಹಸಿ ಹಿಡಿದ ಹಲಗೆಯ ಮೇಲೆ ಮಕ್ಕಿನ, ಅಂದರೆ ಸಫೇದ ಮತ್ತು ಅಂಟು ಕಲಸಿದ ಸರಿಯ, ಉಬ್ಬುಗೆಲಸ ಮಾಡಿದರೆ ಅದು ಮೊದಲ ಬೇಸಿಗೆಗೇ ಬಿರುಕು ಬಿಡುತ್ತದೆ. ಆದ್ದರಿಂದ ನನಗೆ ಆ ಗೋಡೆಯ ಒದ್ದೆ ಬರೀ ಅಂದದ ವಿಷಯವಾಗಿರಲಿಲ್ಲ, ಅನ್ನದ ವಿಷಯವಾಗಿತ್ತು.

ಆ ಗೋಡೆಗೆ ನಾನು ಎರಡು ಸಲ ಹಣ ಸುರಿದೆ. ಮೊದಲ ಸಲ ಫೋಮ್ ಹಲಗೆ ಹೊದಿಸಿದ ಒಂದು ಕಂಪನಿಗೆ, ಎರಡನೆಯ ಸಲ ಒಬ್ಬ ಗಾರೆ ಮೇಸ್ತ್ರಿ ಮತ್ತು ಒಬ್ಬ ಬಡಗಿಗೆ. ಇಬ್ಬರ ಕೆಲಸವನ್ನೂ ಇಲ್ಲಿ ವಿಮರ್ಶೆ ಮಾಡುತ್ತಿದ್ದೇನೆ. ಎರಡನೆಯ ಕೆಲಸ ಮುಗಿದದ್ದು 2023ರ ಜೂನ್‌ನಲ್ಲಿ. ಆಗಲೇ ಬರೆಯುವಂತೆ ಪರಿಚಿತರು ಹೇಳಿದರು, ನಾನು ಒಪ್ಪಲಿಲ್ಲ. ಆ ವರ್ಷ ಮಳೆಯೇ ಕೈಕೊಟ್ಟಿತು, ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ಮಳೆ ಬಾರದ ವರ್ಷದಲ್ಲಿ ಗೋಡೆ ಒಣಗಿದೆ ಎಂದು ಹೊಗಳುವುದು ಯಾವ ನ್ಯಾಯ? 2024ರ ಜುಲೈನಲ್ಲಿ ಕಟ್ಟೆ ತುಂಬಿ ಹರಿಯಿತು. ಆ ಮಳೆಗಾಲವನ್ನೂ ಅದರ ಬೆನ್ನಿಗೆ ಬಂದ ಹಿಂಗಾರನ್ನೂ ನೋಡಿ ಈಗ ಬರೆಯುತ್ತಿದ್ದೇನೆ.

ಫೋಮ್ ಹಲಗೆಯ ಯೋಚನೆ ನನ್ನ ತಲೆಗೆ ಬಂದದ್ದು ಎಡಿನ್‌ಬರೋದಲ್ಲಿರುವ ನನ್ನ ತಂಗಿಯಿಂದ. ಅವಳು ಬಾಡಿಗೆಗಿರುವುದು ಕಲ್ಲಿನ ಹಳೆಯ ಮನೆಯಲ್ಲಿ. ಅಲ್ಲಿಯೂ ಪುಸ್ತಕದ ಕಪಾಟಿನ ಹಿಂದೆ ಬೂಷ್ಟು ಬಂದಿತ್ತಂತೆ. ಮನೆಯ ಮಾಲೀಕರು ಕಪಾಟು ಬಿಚ್ಚಿಸಿ, ಗೋಡೆಯ ಒಳಮೈಗೆ ಶಾಖ ತಡೆಯುವ ಹಲಗೆ ಹೊದಿಸಿ, ಮತ್ತೆ ಕಪಾಟು ನಿಲ್ಲಿಸಿದರು. ಬೂಷ್ಟು ನಿಂತಿತು. "ಅಕ್ಕಾ, ನಿನ್ನ ಗೋಡೆಗೂ ಅದನ್ನೇ ಮಾಡಿಸು" ಎಂದಳು. ಅವಳು ಹೇಳಿದ್ದು ಅವಳ ಊರಿಗೆ ಸರಿಯಾಗಿಯೇ ಇತ್ತು. ಅಲ್ಲಿ ಚಳಿಗಾಲದಲ್ಲಿ ಹೊರಗೆ ಸೊನ್ನೆಯ ಆಸುಪಾಸು, ಒಳಗೆ ಹೀಟರ್ ಹಾಕಿ 20 ಡಿಗ್ರಿ. ಒಳಗಿನ ಗಾಳಿಯ ತೇವಾಂಶ ಶೇ. 60 ಇದ್ದರೆ ಸುಮಾರು 12 ಡಿಗ್ರಿಗೆ ತಣಿದ ಜಾಗದಲ್ಲೆಲ್ಲ ಅದು ಹನಿಗಟ್ಟುತ್ತದೆ. ಪುಸ್ತಕಗಳು ಒತ್ತಾಗಿ ನಿಂತ ಕಪಾಟು ಕೋಣೆಯ ಬಿಸಿ ತನ್ನ ಹಿಂದಿನ ಗೋಡೆಗೆ ತಲುಪದಂತೆ ತಡೆಯುತ್ತದೆ, ಗಾಳಿಯೂ ಅಲ್ಲಿ ಆಡುವುದಿಲ್ಲ. ಗೋಡೆ ಇನ್ನಷ್ಟು ತಣಿದು ಬೆವರುತ್ತದೆ. ಅಲ್ಲಿನ ನೀರು ಕೋಣೆಯೊಳಗಿನ ಉಸಿರಿನದು, ಒಲೆಯ ಆವಿಯದು. ನಮ್ಮ ಗೋಡೆಯ ನೀರು ಎಲ್ಲಿಯದು ಎಂದು ನಾನೂ ಕೇಳಲಿಲ್ಲ, ಹಣ ತೆಗೆದುಕೊಂಡವರೂ ಕೇಳಲಿಲ್ಲ. ನನ್ನ ಮೊದಲ 38,000 ರೂಪಾಯಿ ಹೋದದ್ದು ಆ ಒಂದು ಪ್ರಶ್ನೆ ಕೇಳದೆ ಇದ್ದುದರಿಂದ.

ಕಂಪನಿಯ ಹೆಸರು ಬೇಡ. ಸಮವಸ್ತ್ರ ತೊಟ್ಟ ಇಬ್ಬರು ಹುಡುಗರು ಬಂದರು, ಮಾತು ಮರ್ಯಾದೆಯಿಂದಲೇ ಇತ್ತು. ಎರಡು ಮುಳ್ಳುಗಳಿರುವ ತೇವಮಾಪಕವನ್ನು ಗೋಡೆಗೆ ಚುಚ್ಚಿ ಕೆಂಪು ದೀಪ ತೋರಿಸಿದರು. ನನಗೆ ಆಗ ತಿಳಿಯದಿದ್ದ ಸಂಗತಿಯೆಂದರೆ, ಆ ಉಪಕರಣ ಅಳೆಯುವುದು ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು. ಗಾರೆಯಲ್ಲಿ ಉಪ್ಪು ಹೆಚ್ಚಿದ್ದರೂ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ತೇವ ಇದೆ ಎಂದು ಅದು ಸೂಚಿಸಬಲ್ಲುದು, ತೇವ ಎಲ್ಲಿಂದ ಬಂತು ಎಂದು ಹೇಳಲಾರದು. ಹುಡುಗರು ಮಾಪಕವನ್ನು ಚೀಲಕ್ಕೆ ಹಾಕಿಕೊಂಡು, "ಗೋಡೆ ತಣ್ಣಗಿದೆ ಮೇಡಂ, ಇನ್ಸುಲೇಷನ್ ಹಾಕಿದರೆ ಸರಿಹೋಗುತ್ತದೆ" ಎಂದರು. ಮನೆಯ ಹೊರಗೆ ಹೋಗಿ ಆ ಗೋಡೆಯ ಇನ್ನೊಂದು ಮುಖವನ್ನು ನೋಡಲೇ ಇಲ್ಲ.

2022ರ ಮಾರ್ಚ್‌ನಲ್ಲಿ ನಾಲ್ಕೇ ದಿನದಲ್ಲಿ ಕೆಲಸ ಮುಗಿಯಿತು. ಕಪಾಟು ಬಿಚ್ಚಿ, ಗೋಡೆಗೆ ರಬ್ಬರಿನಂತಹ ಬಿಳಿ ಲೇಪ ಎರಡು ಕೈ, ಅದರ ಮೇಲೆ 25 ಮಿಲಿಮೀಟರ್ ದಪ್ಪದ ನೀಲಿ ಫೋಮ್ ಹಲಗೆ, ಅದರ ಮೇಲೆ ಪ್ಲೈವುಡ್, ಅದಕ್ಕೆ ಒತ್ತಿ ಮತ್ತೆ ನನ್ನ ಕಪಾಟು. ಕೈಕೆಲಸ ಅಚ್ಚುಕಟ್ಟಾಗಿತ್ತು, ಅದನ್ನು ಒಪ್ಪುತ್ತೇನೆ. ಹಲಗೆಯ ಸೇರುವೆಗಳಿಗೆಲ್ಲ ಬೆಳ್ಳಿಬಣ್ಣದ ಪಟ್ಟಿ ಅಂಟಿಸಿದ್ದರು, ಎಲ್ಲಿಯೂ ಸಂದು ಬಿಟ್ಟಿರಲಿಲ್ಲ. ಕೋಣೆ ಹೊಸದರಂತೆ ಕಾಣುತ್ತಿತ್ತು. ಎರಡು ತಿಂಗಳು ನಾನು ನೆಮ್ಮದಿಯಿಂದಿದ್ದೆ.

ಆ ವರ್ಷ ಮೈಸೂರಿನಲ್ಲಿ ಮಳೆ ಜೋರು. ಸೆಪ್ಟೆಂಬರ್ ಹೊತ್ತಿಗೆ ಕಪಾಟಿನ ನೆತ್ತಿಯ ಮೇಲೆ, ಹಿಂದೆಂದೂ ಒದ್ದೆ ಕಾಣದಿದ್ದ ಎಂಟಡಿ ಎತ್ತರದಲ್ಲಿ, ಬಣ್ಣ ಗುಳ್ಳೆಯೆದ್ದಿತು. ಅಕ್ಕಪಕ್ಕದ ಗೋಡೆಯ ಮೂಲೆಯಲ್ಲಿ ಉಪ್ಪು ಹೂಬಿಟ್ಟಂತೆ ಬಿಳಿ ಪುಡಿ. ಮುಂದಿನ ತಿಂಗಳು ಕಪಾಟಿನೊಳಗಿನಿಂದ ವಾಸನೆ ಮತ್ತೆ ಶುರುವಾಯಿತು. ಕಂಪನಿಗೆ ಫೋನ್ ಮಾಡಿದರೆ, ಹೊರಗೋಡೆಯಿಂದ ಬರುವ ನೀರು ಖಾತರಿಯೊಳಗೆ ಸೇರಿಲ್ಲ ಎಂಬ ಉತ್ತರ. ಕಾಗದ ತೆಗೆದು ಓದಿದೆ. ಹೌದು, ಸಣ್ಣ ಅಕ್ಷರದಲ್ಲಿ ಹಾಗೆಯೇ ಅಚ್ಚಾಗಿತ್ತು. ನವೆಂಬರ್‌ನಲ್ಲಿ ಕಪಾಟನ್ನು ಬಿಚ್ಚಿಸಿದೆ. ಪ್ಲೈವುಡ್ಡಿನ ಪದರಗಳು ಬಾಳೆಯ ದಿಂಡಿನಂತೆ ಸುಲಿದು ಬಂದವು. ಫೋಮ್ ಹಲಗೆಯ ಬೆನ್ನಿನಲ್ಲಿ ಕಪ್ಪು ಬೂಷ್ಟು ಅಂಗೈಯಷ್ಟು ಅಗಲದ ಚಕ್ರಗಳಾಗಿ ಹರಡಿತ್ತು. ಬಿಳಿ ಲೇಪವನ್ನು ಉಗುರಿನಿಂದ ಎಳೆದರೆ ಹಾಲಿನ ಕೆನೆಯ ಹಾಗೆ ಎದ್ದು ಬರುತ್ತಿತ್ತು, ಅದರ ಹಿಂದೆ ಇಟ್ಟಿಗೆ ತೊಟ್ಟಿಕ್ಕುವಷ್ಟು ಒದ್ದೆ.

ಫೋಮ್ ಹಲಗೆಗೆ ಮಾತ್ರ ಏನೂ ಆಗಿರಲಿಲ್ಲ! ಬಟ್ಟೆಯಿಂದ ಒರೆಸಿದರೆ ಹೊಸದರಂತಾಯಿತು. ಅದು ನೀರು ಕುಡಿಯುವ ವಸ್ತುವಲ್ಲ, ಅದರೊಳಗೆ ಮುಚ್ಚಿದ ಸಣ್ಣ ಸಣ್ಣ ಗಾಳಿಗೂಡುಗಳಷ್ಟೇ ಇವೆ. ಹಾಗಾಗಿಯೇ ಅದು ಒಣಗಿದ ಗೋಡೆಗೆ ಒಳ್ಳೆಯ ಸಂಗಾತಿ, ಒದ್ದೆ ಗೋಡೆಗೆ ಮುಚ್ಚಳ. ಕೆಳಗಿನಿಂದ ಏರಿ ಬಂದ ನೀರು ಮೊದಲು ನನ್ನ ಕೋಣೆಯ ಕಡೆಗೆ ಆವಿಯಾಗಿ ಹೋಗುತ್ತಿತ್ತು. ಆ ದಾರಿ ಮುಚ್ಚಿದ ಮೇಲೆ ಅದು ಇಟ್ಟಿಗೆಯೊಳಗೇ ಮೇಲೇರುತ್ತಾ ಹೋಗಿ, ಹಲಗೆ ಮುಗಿದ ಕಡೆ ಹೊರಬಂತು.

ಆ ವಾರವೇ ನಾನು ಒಂದು ಪರೀಕ್ಷೆ ಮಾಡಿದೆ. ಗೋಡೆ ಒದ್ದೆಯಿರುವ ಯಾರಾದರೂ ಕಾಸು ಖರ್ಚು ಮಾಡುವ ಮೊದಲು ಇದನ್ನು ಮಾಡಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಒಂದಡಿ ಚೌಕಕ್ಕೆ ಕತ್ತರಿಸಿ, ಮೇಲಿನ ಒದ್ದೆಯನ್ನು ಒರೆಸಿದ ಗೋಡೆಗೆ ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಹಚ್ಚಿ ಎರಡು ದಿನ ಬಿಡಬೇಕು. ಹನಿ ಕೋಣೆಯ ಕಡೆಯ ಮುಖದ ಮೇಲೆ ಕಂಡರೆ ಗಾಳಿಯ ತೇವ ತಣ್ಣನೆಯ ಗೋಡೆಗೆ ತಾಗಿ ಹನಿಗಟ್ಟುತ್ತಿದೆ ಎಂದರ್ಥ. ಹಾಳೆಯ ಬೆನ್ನಿನಲ್ಲಿ, ಗೋಡೆಯ ಕಡೆ ಕಂಡರೆ ನೀರು ಗೋಡೆಯಿಂದಲೇ ಬರುತ್ತಿದೆ. ನನ್ನ ಮೂರು ಹಾಳೆಗಳಲ್ಲಿ ಕೆಳಗಿನ ಎರಡರ ಬೆನ್ನು ಪೂರ್ತಿ ಹನಿ, ಕೋಣೆಯ ಕಡೆಯ ಮುಖ ಒಣಗಿ ಹೊಳೆಯುತ್ತಿತ್ತು. ಜೊತೆಗೆ ಇನ್ನೊಂದು ಲೆಕ್ಕ. ಅಂದು ಕೋಣೆಯಲ್ಲಿ 24 ಡಿಗ್ರಿ, ತೇವಾಂಶ ಶೇ. 70. ಅಂತಹ ಗಾಳಿ ಹನಿಗಟ್ಟಬೇಕಾದರೆ ಗೋಡೆ ಸುಮಾರು 18 ಡಿಗ್ರಿಗೆ ಇಳಿಯಬೇಕು. ಗೋಡೆ 22ರಲ್ಲಿತ್ತು. ನನ್ನ ಗೋಡೆಯ ಕಾಯಿಲೆ ಚಳಿಯಲ್ಲ ಎಂಬುದು ಹದಿನೈದು ರೂಪಾಯಿಯ ಹಾಳೆಯಿಂದ ನನಗೆ ತಿಳಿಯಿತು.

ಮೇಸ್ತ್ರಿಯವರನ್ನು ಕಳುಹಿಸಿದ್ದು ನಮ್ಮ ಬೀದಿಯ ಕೊನೆಯ ಹಳೆಯ ಮನೆಯವರು. ಅರವತ್ತು ದಾಟಿದವರು, ಶ್ರೀರಂಗಪಟ್ಟಣದ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುತ್ತಾರೆ, ಸುಣ್ಣದ ಗಾರೆಯನ್ನು ತಂದೆಯಿಂದ ಕಲಿತವರು. ಬಾಗಿಲು ತೆಗೆದು ಒಳಗೆ ಕರೆದರೆ, "ಆಮೇಲೆ ಬರುತ್ತೇನೆ ತಾಯಿ, ಮೊದಲು ಸಂದಿ ತೋರಿಸಿ" ಎಂದರು. ನಾನು ಅವರಿಗೆ ಕೊಡುವ ಅಂಕಗಳಲ್ಲಿ ಅರ್ಧದಷ್ಟು ಆ ಒಂದು ಮಾತಿಗೆ.

ನಮ್ಮ ಮನೆ 1938ರಲ್ಲಿ ನಮ್ಮ ಯಜಮಾನರ ತಾತ ಕಟ್ಟಿಸಿದ್ದು. ಹದಿನಾಲ್ಕು ಇಂಚಿನ ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಗೋಡೆಯ ಬುಡಕ್ಕೆ ಎರಡಡಿ ಎತ್ತರದ ಕಲ್ಲಿನ ಕಟ್ಟೆ, ಅಂದರೆ ಪಂಚಾಂಗ. ಪ್ಲೇಗಿನಿಂದ ತತ್ತರಿಸಿದ ಮೈಸೂರು 1903ರಲ್ಲಿ ನಗರಾಭಿವೃದ್ಧಿಗೆ ಟ್ರಸ್ಟ್ ಬೋರ್ಡ್ ಮಾಡಿಕೊಂಡಿತು. ಅದಾದ ಮೇಲೆ ಎದ್ದ ಬಡಾವಣೆಗಳಲ್ಲಿ ಬೆಳಕಿಗೆ, ಗಾಳಿಗೆ, ನೀರು ಹರಿದುಹೋಗುವುದಕ್ಕೆ ಜಾಗ ಬಿಡುವುದು ದೊಡ್ಡ ಕಾಳಜಿಯಾಗಿತ್ತು. ಮನೆಯ ಹಿಂದಿನ ಗಲ್ಲಿಗಳೂ ಮನೆ ಮನೆಗಳ ನಡುವಿನ ಸಂದಿಗಳೂ ಬೇಕೆಂದೇ ಬಿಟ್ಟವು. ನಮ್ಮ ಉತ್ತರದ ಸಂದಿ ಮೂರೂವರೆ ಅಡಿ ಅಗಲ. ಅದರ ಮಣ್ಣಿನ ನೆಲದಲ್ಲಿ ಅತ್ತೆ ಒಂದು ಕಾಲಕ್ಕೆ ಕೆಸುವಿನ ಗಿಡ ಬೆಳೆಸಿದ್ದರು. 2014ರಲ್ಲಿ, ಸ್ಕೂಟರ್ ಒಳಗೆ ತಳ್ಳಲು ಸಲೀಸಾಗಲಿ ಎಂದು ನಾವು ಅಲ್ಲಿಗೆ ಜಲ್ಲಿ ತುಂಬಿಸಿ ಕಾಂಕ್ರೀಟ್ ಹಾಕಿಸಿದೆವು. ಹೊರಗೋಡೆಯ ಹಳೆಯ ಗಾರೆ ಅಲ್ಲಲ್ಲಿ ಉದುರಿದೆ ಎಂದು ನಾಲ್ಕಡಿ ಎತ್ತರಕ್ಕೆ ಸಿಮೆಂಟ್ ಗಿಲಾವು ಮಾಡಿಸಿದೆವು. ಎರಡೂ ನಮ್ಮದೇ ತೀರ್ಮಾನ.

ಮೇಸ್ತ್ರಿ ಕಾಂಕ್ರೀಟಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕರಣೆಯ ಹಿಡಿಯಿಂದ ಗೋಡೆಯನ್ನು ತಟ್ಟುತ್ತಾ ಹೋದರು. ಕೆಲವು ಕಡೆ ಟಣ್ ಎಂದಿತು, ಹೆಚ್ಚಿನ ಕಡೆ ಖಾಲಿ ಡಬ್ಬದ ಸದ್ದು. ಆಮೇಲೆ ಒಳಗೆ ಬಂದು ಕೋಣೆಯ ನೆಲವನ್ನೂ ಕಿಟಕಿಯ ಮೂಲಕ ಸಂದಿಯ ನೆಲವನ್ನೂ ಅಳೆದರು. "ಪಂಚಾಂಗದ ಕಲ್ಲು ಎಲ್ಲಿ ತಾಯಿ? ನಿಮ್ಮ ಕಾಂಕ್ರೀಟು ಕಲ್ಲನ್ನು ನುಂಗಿ ಅರ್ಧ ಅಡಿ ಮೇಲೆ ಇಟ್ಟಿಗೆಗೆ ಬಂದು ಕೂತಿದೆ" ಎಂದರು. ಕರಿಕಲ್ಲು ನೀರನ್ನು ಮೇಲಕ್ಕೆ ಎಳೆಯುವುದಿಲ್ಲ, ಇಟ್ಟಿಗೆ ಬತ್ತಿಯಂತೆ ಎಳೆಯುತ್ತದೆ. ಎಪ್ಪತ್ತಾರು ವರ್ಷ ಆ ಕಲ್ಲು ನಮ್ಮ ಗೋಡೆಯನ್ನು ನೆಲದ ನೀರಿನಿಂದ ಕಾಪಾಡಿತ್ತು. ನಾವು ಅದನ್ನು ಹೂತುಹಾಕಿ, ಮಳೆಯ ನೀರು ಇಟ್ಟಿಗೆಗೇ ಒರಗಿ ನಿಲ್ಲುವಂತೆ ಮಾಡಿದ್ದೆವು. ಸಿಮೆಂಟ್ ಗಿಲಾವಿನ ಕೂದಲೆಳೆಯಂತಹ ಬಿರುಕುಗಳಲ್ಲಿ ನೀರು ಒಳಗೆ ಹೋಗುತ್ತದೆ, ಗಟ್ಟಿಯಾದ ಸಿಮೆಂಟ್ ಅದನ್ನು ಹೊರಗೆ ಬಿಡುವುದಿಲ್ಲ. ಒಳಗೆ ಬಂದ ನೀರಿಗೆ ಉಳಿದಿದ್ದ ಒಂದೇ ಬಾಗಿಲು ನನ್ನ ಕಪಾಟಿನ ಹಿಂಬದಿ.

ಅವರು ಇಟ್ಟಿಗೆಯ ನಡುವಿನ ಹಳೆಯ ಗಾರೆಯನ್ನು ಎರಡು ಬೆರಳಿನಿಂದ ಕಿತ್ತು ನನ್ನ ಅಂಗೈಗೆ ಹಾಕಿದರು. ಒದ್ದೆ ಅವಲಕ್ಕಿಯಂತೆ ಮೆತ್ತಗಿತ್ತು. ನನಗೆ ಹೆದರಿಕೆಯಾಯಿತು. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದದ್ದು, 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿದ್ದದ್ದು, ಎರಡೂ ನಮ್ಮ ಕಣ್ಣ ಮುಂದಿನ ಸಂಗತಿಗಳು. ಹಳೆಯ ಗೋಡೆಯ ಒದ್ದೆಯನ್ನು ಬಣ್ಣದ ವಿಷಯವೆಂದು ತಿಳಿದಿರುವವರು ಒಮ್ಮೆ ಆ ಗಾರೆಯನ್ನು ಕೈಯಲ್ಲಿ ಹಿಡಿದು ನೋಡಬೇಕು.

ಕೆಲಸ ಹೀಗೆ ನಡೆಯಿತು. ಡಿಸೆಂಬರ್‌ನಲ್ಲಿ ಸಂದಿಯ ಕಾಂಕ್ರೀಟನ್ನು ಒಡೆದು, ಹದಿನಾಲ್ಕು ಇಂಚು ಅಗೆದು, ಪಂಚಾಂಗದ ಕಲ್ಲು ಮತ್ತೆ ಬೆಳಕು ಕಾಣುವಂತೆ ಮಾಡಿದರು. ಗೋಡೆಯಿಂದ ಆಚೆಗೆ ಇಳಿಜಾರಾಗಿ ಸೈಜು ಕಲ್ಲು ಹಾಸಿ, ಬೀದಿಯ ಚರಂಡಿಗೆ ಒಂದು ಸಣ್ಣ ಕಾಲುವೆ. ಹೊರಗಿನ ನಾಲ್ಕಡಿ ಸಿಮೆಂಟ್ ಗಿಲಾವು, ಒಳಗಿನ ಐದಡಿ ಹಳೆಯ ಗಾರೆ ಎರಡನ್ನೂ ಇಟ್ಟಿಗೆ ಕಾಣುವವರೆಗೆ ಕೆತ್ತಿದರು. ಒಳಗಿನ ಗಾರೆ ಕೆಲವು ಕಡೆ ಗಟ್ಟಿಯಾಗಿಯೇ ಇತ್ತು, ಉಳಿಸಿಕೊಳ್ಳಬಹುದಲ್ಲ ಎಂದು ಕೇಳಿದೆ. ಅವರು ಒಂದು ಚಕ್ಕೆಯನ್ನು ಮೂಗಿನ ಹತ್ತಿರ ಹಿಡಿದು, "ಉಪ್ಪು ತುಂಬಿದೆ. ಇದನ್ನು ಬಿಟ್ಟರೆ ಗೋಡೆ ಒಣಗಿದರೂ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ" ಎಂದರು. ಅಡುಗೆಮನೆಯ ಉಪ್ಪಿನ ಡಬ್ಬ ಮಳೆಗಾಲದಲ್ಲಿ ಏಕೆ ನೀರೊಡೆಯುತ್ತದೆ ಎಂದು ಬಲ್ಲವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಅವರು ಹೊರಟುಹೋದರು. ಯುಗಾದಿಯ ಹೊತ್ತಿಗೆ ಬರುತ್ತೇನೆ, ಅಲ್ಲಿಯವರೆಗೆ ಗೋಡೆಯನ್ನು ಹಾಗೆಯೇ ಬಿಡಿ ಎಂದರು. ಈ ಕಾಯುವಿಕೆ ಅತ್ಯಂತ ಕಷ್ಟದ ಭಾಗ. ಮೂರೂವರೆ ತಿಂಗಳು ಕಾರ್ಯಾಗಾರದ ಒಂದು ಗೋಡೆ ಚರ್ಮ ಸುಲಿದಂತೆ ಬೆತ್ತಲೆ ಇಟ್ಟಿಗೆಯಾಗಿ ನಿಂತಿತ್ತು. ಮಕ್ಕಳ ಪಾಠವನ್ನು ನಡುಮನೆಗೆ ಸಾಗಿಸಿದೆ. ಹಲಗೆಗಳೆಲ್ಲ ಮಂಚದ ಕೆಳಗೆ ಸೇರಿದವು. ಗೋಡೆ ಒಣಗುವುದಕ್ಕೆ ದಪ್ಪದ ಒಂದೊಂದು ಇಂಚಿಗೆ ಒಂದೊಂದು ತಿಂಗಳು ಎಂಬುದು ಕಟ್ಟಡದವರ ಅಂದಾಜು ಲೆಕ್ಕ. ಆ ಲೆಕ್ಕದಲ್ಲಿ ಹದಿನಾಲ್ಕು ಇಂಚಿನ ಗೋಡೆ ಎರಡೂ ಕಡೆಯಿಂದ ಒಣಗಿದರೂ ಏಳು ತಿಂಗಳು ಬೇಕು. ಮೂರೂವರೆ ತಿಂಗಳಲ್ಲಿ ಅದು ಪೂರ್ತಿ ಒಣಗಿರಲಿಲ್ಲ. ಆದರೆ ಸುಣ್ಣದ ಗಾರೆಯ ಗುಣವೇ ಅದು: ಮೇಲೆ ಬಳಿದ ನಂತರವೂ ಉಳಿದ ತೇವವನ್ನು ಆವಿಯಾಗಿ ಹೊರಗೆ ಬಿಡುತ್ತದೆ. ಪ್ರತಿದಿನ ಬೆಳಿಗ್ಗೆ ಇಟ್ಟಿಗೆಯ ಮೇಲೆ ಎದ್ದ ಉಪ್ಪನ್ನು ನಾನು ತೆಂಗಿನ ನಾರಿನ ಒಣ ಬ್ರಷ್ಷಿನಿಂದ ಉಜ್ಜಿ ಮೊರದಲ್ಲಿ ಹಿಡಿಯುತ್ತಿದ್ದೆ. ಮೊದಲ ತಿಂಗಳು ದಿನಕ್ಕೆ ಒಂದು ಹಿಡಿ, ಮಾರ್ಚ್ ಹೊತ್ತಿಗೆ ಒಂದು ಚಿಟಿಕೆ.

ಸುಣ್ಣದ ಕಲ್ಲನ್ನು ಮೂರು ವಾರ ಮೊದಲೇ ಡ್ರಮ್ಮಿನಲ್ಲಿ ಅರಳಿಸಿ ನೀರಿನಡಿ ಇಟ್ಟಿದ್ದರು. ಬೆಣ್ಣೆಯಂತಾದ ಆ ಸುಣ್ಣಕ್ಕೆ ಮರಳು, ಇಟ್ಟಿಗೆಯ ಪುಡಿ ಸುರ್ಕಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ಮಕ್ಕು ಹದಮಾಡುವ ನನ್ನ ಕೈಗೆ ಆ ಹದ ತಕ್ಷಣ ಅರ್ಥವಾಯಿತು. ಕರಣೆಯನ್ನು ತಲೆಕೆಳಗು ಹಿಡಿದರೂ ಬೀಳಬಾರದು, ಗೋಡೆಗೆ ಎಸೆದರೆ ಅಪ್ಪಿಕೊಳ್ಳಬೇಕು. ಎರಡು ಪದರ, ನಡುವೆ ಎಂಟು ದಿನದ ಬಿಡುವು. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸುಣ್ಣ ನಿಧಾನವಾಗಿ ಕಲ್ಲಾಗುತ್ತದೆ, ಅವಸರದಲ್ಲಿ ಒಣಗಿದರೆ ಪುಡಿಯಾಗುತ್ತದೆ. ಹಾಗಾಗಿ ಏಪ್ರಿಲ್‌ನ ಬಿಸಿಲಿನಲ್ಲಿ ಹೊರಗಿನ ಗೋಡೆಗೆ ಒದ್ದೆ ಗೋಣಿ ಇಳಿಬಿಟ್ಟು, ದಿನಕ್ಕೆ ಮೂರು ಸಲ ನೀರು ಚಿಮುಕಿಸುವ ಕೆಲಸ ನನ್ನ ಪಾಲಿಗೆ ಬಂತು. ಒಣಗಿಸಬೇಕೆಂದು ಅಷ್ಟು ಕಷ್ಟಪಟ್ಟ ಗೋಡೆಗೆ ಮತ್ತೆ ನೀರೆರೆಯುವಾಗ ಅತ್ತೆ ಗಾಬರಿಯಾದರು. ಮೇಸ್ತ್ರಿ ಅವರಿಗೆ ಬಿಡಿಸಿ ಹೇಳಿದ ತಾಳ್ಮೆಯನ್ನು ನಾನು ಮರೆಯುವುದಿಲ್ಲ.

ಮೇಲೆ ಬಣ್ಣವಿಲ್ಲ, ಮೂರು ಕೈ ಸುಣ್ಣ ಮಾತ್ರ. ಪ್ಲಾಸ್ಟಿಕ್ ಬಣ್ಣ ಬಳಿದರೆ ಮತ್ತೆ ಮುಚ್ಚಳ ಹಾಕಿದಂತೆಯೇ.

ಇನ್ನು ಕಪಾಟು. ನಮ್ಮ ಬಡಗಿ ಆಚಾರ್ಯರು ಚಿಕ್ಕ ವಯಸ್ಸಿನವರು, ಆದರೆ ಹೇಳಿದ್ದನ್ನು ಕೇಳಿಸಿಕೊಂಡು ಮರುಪ್ರಶ್ನೆ ಹಾಕುವವರು. ನಾನು ಕೇಳಿದ್ದು ಮೂರೇ: ಕಪಾಟು ಗೋಡೆಯನ್ನು ಮುಟ್ಟಬಾರದು, ನೆಲವನ್ನೂ ಮುಟ್ಟಬಾರದು, ಹಿಂದೆ ಗಾಳಿ ಆಡಬೇಕು. ಅವರು ಕಪಾಟನ್ನು ಗೋಡೆಯಿಂದ ಎರಡು ಇಂಚು ಮುಂದೆ, ಎಂಟು ಇಂಚು ಎತ್ತರದ ಕಾಲುಗಳ ಮೇಲೆ, ಒಂದೊಂದು ಕಾಲಿನ ಕೆಳಗೂ ಒಂದು ತುಂಡು ಕರಿಕಲ್ಲು ಇಟ್ಟು ನಿಲ್ಲಿಸಿದರು. ಹಿಂಬದಿಗೆ ಇಡೀ ಹಲಗೆಯ ಬದಲು ಬೆರಳು ತೂರುವಷ್ಟು ಸಂದು ಬಿಟ್ಟ ಪಟ್ಟಿಗಳು. ಕೆಳಗಿನಿಂದ ನುಗ್ಗಿದ ಗಾಳಿ ಮೇಲಿನಿಂದ ಹೋಗುವಂತೆ ನೆತ್ತಿಯ ಅಲಂಕಾರ ಪಟ್ಟಿಯಲ್ಲಿ ಜಾಲರಿ. ಪ್ಲೈವುಡ್ ಮಾತ್ರ ನೀರಿಗೆ ಜಗ್ಗದ, ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿನದೇ ಇರಲಿ ಎಂದು ಪಟ್ಟುಹಿಡಿದೆ. ಹಿಂದಿನವರು ಹಾಕಿದ್ದು ಐಎಸ್ 303 ಗುರುತಿನ, ಎಂಆರ್ ದರ್ಜೆಯದು. ಅದು ಕೋಣೆಯ ಸಾಧಾರಣ ತೇವ ತಡೆಯುತ್ತದೆ, ನೆನೆದರೆ ಪದರು ಬಿಡುತ್ತದೆ. ಮೊಹರನ್ನು ನಾನೇ ಅಂಗಡಿಯಲ್ಲಿ ನಿಂತು ನೋಡಿದೆ. ಕತ್ತರಿಸಿದ ಅಂಚುಗಳಿಗೆಲ್ಲ ಎರಡು ಕೈ ವಾರ್ನಿಷ್, ಏಕೆಂದರೆ ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ.

ಖರ್ಚು ಹೀಗಿದೆ. ಸಂದಿಯನ್ನು ಅಗೆದು ಕಲ್ಲು ಹಾಸಿದ್ದಕ್ಕೆ 16,500. ಸುಣ್ಣದ ಗಾರೆ ಒಳಗೂ ಹೊರಗೂ ಸೇರಿ 108 ಚದರ ಅಡಿ, ಅಡಿಗೆ 170ರಂತೆ 18,360. ಕಪಾಟಿಗೆ 41,000. ಒಟ್ಟು 75,860 ರೂಪಾಯಿ. ಕಪಾಟನ್ನು ಬಿಟ್ಟು ನೋಡಿದರೆ, ಗೋಡೆ ಒಣಗಿಸಿದ ಕೆಲಸಕ್ಕೆ ತಗುಲಿದ್ದು ಅದನ್ನು ಮುಚ್ಚಿಟ್ಟ ಕೆಲಸಕ್ಕಿಂತ ಕಡಿಮೆ.

ಮೇಸ್ತ್ರಿಯವರ ಬಗ್ಗೆ ದೂರುಗಳೂ ಇವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಬರಹದಲ್ಲಿ ಅಂದಾಜು ಕೊಡುವುದಿಲ್ಲ, ಬಾಯಿಮಾತೇ ಲೆಕ್ಕ. ಹನ್ನೆರಡು ದಿನ ಎಂದ ಗಾರೆ ಕೆಲಸ ಇಪ್ಪತ್ತಾರು ದಿನ ಹಿಡಿಯಿತು, ನಡುವೆ ಊರಿನ ಜಾತ್ರೆಗೆಂದು ಹೋಗಿ ಐದು ದಿನ ಫೋನ್ ಎತ್ತಲಿಲ್ಲ. ಕೆತ್ತುವಾಗ ಎದ್ದ ಧೂಳು ಮೂರು ಕೋಣೆ ದಾಟಿ ದೇವರಮನೆಗೆ ಹೋಯಿತು, ಪರದೆ ಕಟ್ಟಿ ಎಂದು ಮೊದಲೇ ಎಚ್ಚರಿಸಬೇಕಿತ್ತು. ಅವರ ಜೊತೆಗೆ ಬಂದಿದ್ದ ಹುಡುಗ ಕೈಗವಸಿಲ್ಲದೆ ಸುಣ್ಣ ಕಲಸಿ ಬೆರಳು ಸುಟ್ಟುಕೊಂಡ. ಅರಳಿದ ಸುಣ್ಣ ಚರ್ಮವನ್ನು ತಿನ್ನುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ ವಿಷಯವಲ್ಲ, ಆ ಹುಡುಗನಿಗೆ ಗವಸು ಕೊಡಿಸಬೇಕಾದದ್ದು ಅವರ ಹೊಣೆ. ನಾನೇ ಅಂಗಡಿಯಿಂದ ರಬ್ಬರ್ ಗವಸು ತಂದುಕೊಟ್ಟೆ. ಗೋಡೆಯ ಮೈ ಸಿಮೆಂಟಿನಷ್ಟು ನುಣುಪಾಗಿಲ್ಲ, ಬೆನ್ನು ತಾಗಿದರೆ ಸೀರೆಗೆ ಬಿಳಿ ಹತ್ತುತ್ತದೆ. ಭಾರದ ಚೌಕಟ್ಟನ್ನು ಅದಕ್ಕೆ ಮೊಳೆ ಹೊಡೆದು ತೂಗುಹಾಕುವ ಧೈರ್ಯ ನನಗಿಲ್ಲ.

ಫಲಿತಾಂಶಕ್ಕೆ ಬರುತ್ತೇನೆ. ಆರುನೂರು ರೂಪಾಯಿಯ ತೇವಾಂಶ ಮಾಪಕವೊಂದನ್ನು ಕೊಂಡು ಕೆಳಗಿನ ಖಾನೆಯಲ್ಲಿಟ್ಟಿದ್ದೇನೆ, ಇನ್ನೊಂದನ್ನು ಕೋಣೆಯ ಮಧ್ಯದ ಮೇಜಿನ ಮೇಲೆ. 2022ರ ಅಕ್ಟೋಬರ್‌ನಲ್ಲಿ, ಫೋಮ್ ಹಲಗೆ ಇದ್ದಾಗ, ಕೋಣೆಯಲ್ಲಿ ಶೇ. 68, ಕಪಾಟಿನೊಳಗೆ ಶೇ. 86. ಎರಡರ ನಡುವಿನ ಆ ಹದಿನೆಂಟೇ ಗೋಡೆ ಒಳಗೆ ಉಗುಳುತ್ತಿದ್ದ ನೀರು. 2024ರ ಆಗಸ್ಟ್‌ನಲ್ಲಿ, ಮೂರು ದಿನ ಬಿಡದೆ ಮಳೆ ಹಿಡಿದಾಗ, ಕೋಣೆಯಲ್ಲಿ ಶೇ. 76, ಕಪಾಟಿನೊಳಗೆ ಶೇ. 77. ಮಳೆಗಾಲದ ಗಾಳಿಯ ತೇವವನ್ನು ಯಾವ ಗಾರೆಯೂ ಕಡಿಮೆ ಮಾಡಲಾರದು, ಅಂತಹ ದಿನಗಳಲ್ಲಿ ನಾನು ಫ್ಯಾನ್ ಹಾಕಿ ಕಪಾಟಿನ ಬಾಗಿಲು ತೆರೆದಿಡುತ್ತೇನೆ. ಚಿನ್ನದ ರೇಕನ್ನು ಮಾತ್ರ ಗಾಳಿಯಾಡದ ಡಬ್ಬದಲ್ಲಿ ಇಡುತ್ತೇನೆ. ಬೂಷ್ಟು ಎಲ್ಲಿಯೂ ಇಲ್ಲ. ಈ ವರ್ಷ ದಸರೆಗೆ ಕೊಡಬೇಕಿದ್ದ ರಾಜರಾಜೇಶ್ವರಿಯ ಚಿತ್ರಕ್ಕೆ ಕೆಳಗಿನ ಖಾನೆಯಲ್ಲೇ ಎರಡು ತಿಂಗಳಿದ್ದ ಹಲಗೆಯನ್ನು ಬಳಸಿದೆ. ಮಕ್ಕು ಚೆನ್ನಾಗಿ ಕಟ್ಟಿತು.

ತೆಗೆದುಹಾಕಿದ ಫೋಮ್ ಹಲಗೆಗಳನ್ನು ಎಸೆಯಲು ಮನಸ್ಸಾಗಲಿಲ್ಲ. ತಾರಸಿಯ ಮೇಲೆ ಮಗ ಓದುವ ಸಣ್ಣ ಕೋಣೆಯಿದೆ, ಪಶ್ಚಿಮದ ಬಿಸಿಲು ನೇರ ಬಡಿಯುವ ನಾಲ್ಕಿಂಚಿನ ಗೋಡೆ. ಅದು ಒಣಗಿದ ಗೋಡೆ ಎಂದು ಅದೇ ಅಲ್ಯೂಮಿನಿಯಂ ಹಾಳೆಯಿಂದ ಖಚಿತಪಡಿಸಿಕೊಂಡು, ಒಳಮೈಗೆ ಹಲಗೆಗಳನ್ನು ಹೊದಿಸಿ, ಮೇಲೆ ಜಿಪ್ಸಂ ಹಲಗೆ ಕೂಡಿಸಿದೆವು. ಏಪ್ರಿಲ್‌ನ ಸಂಜೆ ಆ ಗೋಡೆಗೆ ಕೈಯಿಡಲು ಆಗುತ್ತಿರಲಿಲ್ಲ, ಈಗ ಮಗ ಅದಕ್ಕೆ ಒರಗಿ ಕೂತು ಓದುತ್ತಾನೆ. ವಸ್ತುವಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಶಾಖ ತಡೆಯುವುದಕ್ಕೆಂದು ಅದನ್ನು ಕೊಳ್ಳುವವರಿಗೆ ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಒದ್ದೆಗೆ ಮದ್ದೆಂದು ಅದನ್ನು ಮಾರಿದವರ ಮೇಲಿನ ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಬಾಗಿಲ ಪಕ್ಕದ ಮೂಲೆಯಲ್ಲಿ, ನೆಲದಿಂದ ಏಳು ಇಂಚಿನವರೆಗೆ, ಈಗಲೂ ಸ್ವಲ್ಪ ಉಪ್ಪು ಏಳುತ್ತದೆ. ಅಲ್ಲಿ ಹೊಸ್ತಿಲಿನ ಕೆಳಗಿನ ಹಳೆಯ ಗಾರೆಯನ್ನು ಕೆತ್ತಲು ಆಗಿರಲಿಲ್ಲ. ನೀರಿನಿಂದ ತೊಳೆಯಬಾರದು, ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು ಎಂದು ಮೇಸ್ತ್ರಿ ಹೇಳಿದ್ದಾರೆ, ಹಾಗೆಯೇ ಮಾಡುತ್ತಿದ್ದೇನೆ. ಬರುವ ಮಾರ್ಚ್‌ನಲ್ಲಿ ಆ ಎರಡಡಿಯನ್ನು ಮತ್ತೆ ಕೆತ್ತಿ ಗಾರೆ ಮಾಡಿಕೊಡುವುದಾಗಿ ಒಪ್ಪಿದ್ದಾರೆ, ಕೂಲಿ ಬೇಡವೆಂದರು, ನಾನು ಕೊಡುತ್ತೇನೆ. ಅವರ ಕೈಯಲ್ಲಿ ಕೆಲಸ ಮಾಡಿಸಬೇಕೆನ್ನುವವರು ದೀಪಾವಳಿ ಮುಗಿದ ತಕ್ಷಣ ಮಾತನಾಡಿಸಿ. ಮಳೆಗಾಲದಲ್ಲಿ ಎಷ್ಟು ದುಡ್ಡು ಕೊಡುತ್ತೇನೆಂದರೂ ಅವರು ಗೋಡೆ ಮುಟ್ಟುವುದಿಲ್ಲ.